ಹರಿಗೋಲಿನ ಅವ್ವ ಏಡಿ ಬಿಟ್ಟದ್ದು

ಶಹಾಬಾದಿನ ಸಂತೆಯಲ್ಲಿ ಈಗ ಏಡಿಯನ್ನು ಮುಚ್ಚಿಟ್ಟು ಮಾರುವುದಿಲ್ಲ. ಮೊದಲು ಬುಟ್ಟಿಯ ಮೇಲೆ ಬೇವಿನ ಸೊಪ್ಪೋ ಹಳೆಯ ಸೀರೆಯ ತುಂಡೋ ಹೊದಿಸಿ, ಸಂತೆಯ ಕೊನೆಗೆ ಚರಂಡಿಯ ಪಕ್ಕದಲ್ಲಿ ಕೂರುತ್ತಿದ್ದರು. ಕೊಳ್ಳುವವರು ಬೇರೇನೋ ಕೇಳಲು ಬಂದವರಂತೆ ಬಂದು ಚೀಲ ಚಾಚುತ್ತಿದ್ದರು. ಈಗ ಕಾಲು ಕಟ್ಟಿ, ತಗಡಿನ ಮೇಲೆ ಸಾಲಾಗಿಟ್ಟು, ಕೂಗಿ ಮಾರುತ್ತಾರೆ. ಸ್ಕೂಟರಿನಿಂದ ಇಳಿಯದೆಯೇ ಕೊಳ್ಳುವ ದೊಡ್ಡವರೂ ಇದ್ದಾರೆ. ನಾನು ಏಡಿ ತಿಂದವಳಲ್ಲ, ತಿನ್ನುವ ಮನೆಯಲ್ಲಿ ಹುಟ್ಟಿದವಳೂ ಅಲ್ಲ. ಮೆಂತ್ಯೆ ಸೊಪ್ಪಿಗೆಂದು ಹೋದವಳು ಆ ತಗಡಿನ ಮುಂದೆ ನಿಂತದ್ದು ಮಾರುವವಳು ನನ್ನನ್ನು ಕರೆದಳೆಂದು.

"ಅಕ್ಕೋರ, ಗುರ್ತ ಹತ್ತಲಿಲ್ಲೇನ್ರಿ? ನಾ ಹೊಳಿ ಆಚಿ ಊರಾಕಿ. ನಿಮ್ಮ ಸಾಲಿಗೇ ಬರ್ತಿದ್ದೆ."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ನಿವೃತ್ತಿಯಾದ ಮೇಲೂ ಆ ಹೆಸರು ಹೋಗುವುದಿಲ್ಲ, ಮೊಣಕಾಲು ನೋವಿನಂತೆ ಜೊತೆಗೇ ಇರುತ್ತದೆ. ಗುರುತು ಸಿಕ್ಕಿತೆಂದು ಸುಳ್ಳು ಹೇಳಿದೆ.

"ಹರಗೋಲವ್ವ ಹೋದಳ್ರಿ," ಎಂದಳು ಅವಳು, ಒಂದು ಏಡಿಯನ್ನು ಎತ್ತಿ ಪಕ್ಕಕ್ಕಿಡುತ್ತ. "ಹೋದ ಅಮಾಸಿಗೆ. ಮಲಗಿದಾಕಿ ಏಳಲೇ ಇಲ್ಲ."

ಮೆಂತ್ಯೆ ಕೊಳ್ಳುವುದನ್ನು ಮರೆತು ಮನೆಗೆ ಬಂದೆ. ಅಳು ಬರಲಿಲ್ಲ. ಈ ವಯಸ್ಸಿನಲ್ಲಿ ಸಾವಿನ ಸುದ್ದಿ ಬಂದಾಗ ಮೊದಲು ಬರುವುದು ದಣಿವು, ಕೂತುಬಿಡೋಣ ಎನಿಸುತ್ತದೆ. ಕೂತೆ.

ನನಗೆ ಕಾಗಿಣಾ ಹೊಳೆಯ ಆಚೆಯ ಊರಿನ ಶಾಲೆಗೆ ನೌಕರಿಯಾದಾಗ ಮೈಸೂರು ರಾಜ್ಯಕ್ಕೆ ಇನ್ನೂ ಕರ್ನಾಟಕ ಎಂಬ ಹೆಸರು ಬಂದಿರಲಿಲ್ಲ, ಹೊಳೆಗೆ ಸೇತುವೆಯೂ ಬಂದಿರಲಿಲ್ಲ. ಆ ಊರು ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದು. ನನ್ನ ಮನೆ ಶಹಾಬಾದಿನಲ್ಲಿ. ನಡುವೆ ಹೊಳೆ, ಹೊಳೆಯಲ್ಲಿ ಒಂದು ಹರಿಗೋಲು, ಹರಿಗೋಲಿನಲ್ಲಿ ಎಲ್ಲರೂ ಹರಗೋಲವ್ವ ಎನ್ನುತ್ತಿದ್ದ ಆಕೆ. ಗಂಡ ಜ್ವರದಲ್ಲಿ ತೀರಿಕೊಂಡಿದ್ದ. ಹೆಂಗಸು ಹುಟ್ಟು ಹಾಕುವುದು ಎಲ್ಲಿಯಾದರೂ ಉಂಟೇ ಎಂದು ಊರವರು ಕೆಲವು ದಿನ ಮಾತಾಡಿದರಂತೆ. ಮಾತಾಡಿದವರೆಲ್ಲ ಸಂತೆಗೆ ಹೋಗಬೇಕಾದಾಗ ಆಕೆಯ ಹರಿಗೋಲಿನಲ್ಲೇ ಕೂತರು. ಅಲ್ಲಿಗೆ ಆ ಮಾತು ಮುಗಿಯಿತು.

ಬಿದಿರಿನ ಹೆಣಿಗೆಗೆ ಟಾರ್ಪಾಲು ಹೊಲಿದು, ಡಾಂಬರು ಬಳಿದ ದುಂಡನೆಯ ಹರಿಗೋಲು ಅದು. ಅದರೊಳಗೆ ಯಾರು ಎಲ್ಲಿ ಕೂರಬೇಕೆಂದು ಹೇಳುವ ಅಧಿಕಾರ ಆಕೆಯೊಬ್ಬಳದೇ. ದಡದಲ್ಲಿ ನಿಂತವರನ್ನು ಒಮ್ಮೆ ನೋಡಿದರೆ ಸಾಕು, ತೂಕ ತಿಳಿಯುತ್ತಿತ್ತು.

"ಗೌಡ್ರ, ನೀವ ಈ ಕಡಿ ಬರ್ರಿ. ನಿಮ್ಮ ಭಾರಕ್ಕ ಆ ಕಡಿ ಮೂರ ಮಂದಿ ಬೇಕು. ಅಕ್ಕೋರ, ನೀವ ನಡಕ ಕುಂದ್ರಿ. ನಿಮ್ಮದೇನ ಲೆಕ್ಕಕ್ಕಿಲ್ಲ."

ನಾನು ಆಗ ಅಷ್ಟು ತೆಳ್ಳಗಿದ್ದೆ. ಗೌಡರು ಮುಖ ಗಂಟಿಕ್ಕಿದರೂ ಸರಿದು ಕೂರುತ್ತಿದ್ದರು. ಒಮ್ಮೆ ಅವರ ಆಳು ಅವರ ಪಕ್ಕದಲ್ಲೇ ಕೂರಬೇಕಾಗಿ ಬಂದು ಹಿಂಜರಿದಾಗ ಆಕೆ, "ಕುಂಡ್ರೋ, ಹೊಳ್ಯಾಗ ಬರೇ ಭಾರ ನೋಡ್ತಾರ," ಎಂದು ಗದರಿಸಿದ್ದಳು. ಆಚೆ ದಡ ಮುಟ್ಟಿದ ಮೇಲೆ ಎಲ್ಲರೂ ಮತ್ತೆ ಅವರವರ ಅಂತರಕ್ಕೆ ಹೋಗುತ್ತಿದ್ದರು. ಅದನ್ನು ನಾನು ದಿನವೂ ನೋಡುತ್ತಿದ್ದೆ.

ದಾಟಿಸಿದ್ದಕ್ಕೆ ಸುಗ್ಗಿಯಲ್ಲಿ ಮನೆಮನೆಯಿಂದ ಜೋಳ ಬರುತ್ತಿತ್ತು. ಮಳೆಗಾಲದಿಂದ ಚಳಿಗಾಲದವರೆಗೆ ಹೇಗೋ ನಡೆಯುತ್ತಿತ್ತು. ಕಷ್ಟವೆಂದರೆ ಬೇಸಿಗೆ. ಕಾಗಿಣಾ ಬತ್ತಿ ಮೊಣಕಾಲಿಗೆ ಇಳಿದಾಗ ಜನ ಸೀರೆ ಧೋತರ ಎತ್ತಿಕೊಂಡು ನಡೆದೇ ಹೋಗುತ್ತಿದ್ದರು. ಹರಿಗೋಲು ದಂಡೆಯ ಮೇಲೆ ಬೋರಲು ಬಿದ್ದಿರುತ್ತಿತ್ತು. ಆಗ ಆಕೆಯನ್ನೂ ಆಕೆಯ ಮಗಳನ್ನೂ ಸಾಕಿದ್ದು ಹೊಳೆಯ ಏಡಿ ಮತ್ತು ಸಿಂಪಿ. ನಮ್ಮ ಹೊಳೆಯ ದಂಡೆ ಪರಸಿ ಕಲ್ಲಿನದು, ಪದರ ಪದರವಾಗಿ ಹಾಸಿದ್ದು. ಆ ಪದರಗಳ ಸಂದಿಯಲ್ಲಿ ಏಡಿ ಅಡಗಿರುತ್ತದೆ, ಮರಳಿನಲ್ಲಿ ಸಿಂಪಿ. ಸಿಂಪಿಯೆಂದರೆ ಎರಡು ಚಿಪ್ಪಿನ ನಡುವೆ ಇರುವ ಹೊಳೆಯ ಹುಳು. ಒಳಗಿನದನ್ನು ಅವರು ಬೇಯಿಸಿ ತಿನ್ನುತ್ತಿದ್ದರು, ಚಿಪ್ಪಿನಲ್ಲಿ ಮಾವಿನಕಾಯಿ ಹೆರೆಯುತ್ತಿದ್ದರು.

ಏಡಿ ಸಾರು ಮಾಡುವ ಬಗೆಯನ್ನು ಆಕೆ ನನಗೆ ಹುಟ್ಟು ಹಾಕುತ್ತಲೇ ಹೇಳಿದ್ದಾಳೆ.

"ನಿಮಗ ವಾಕರಿಕಿ ಬಂದೀತು, ಬ್ಯಾಡ ಬಿಡ್ರಿ."

"ಹೇಳವ್ವ. ತಿನ್ನಂಗಿಲ್ಲ ಅಂದ್ರ ಕೇಳಬಾರದೇನು?"

"ಅಮಾಸಿ ಹತ್ರ ಹಿಡೀಬೇಕ್ರಿ, ಆವಾಗ ಒಳಗ ತುಂಬಿರ್ತಾವ. ಸಣ್ಣ ಕಾಲು ಒಗ್ಯಂಗಿಲ್ಲ. ಒಳ್ಳಾಗ ಹಾಕಿ ಕುಟ್ಟಿ, ಅರಿವ್ಯಾಗ ಹಿಂಡಿ ರಸ ತೆಗೀಬೇಕು. ಆ ರಸಾನೇ ಸಾರಿಗೆ ಜೀವ. ಬಳ್ಳೊಳ್ಳಿ, ಕೆಂಪ ಖಾರ, ಜರಾ ಜೋಳದ ಹಿಟ್ಟು. ಬಿಸಿ ರೊಟ್ಟಿ ಮುರದ ಹಾಕಿದ್ರ, ಅಕ್ಕೋರ..." ಎಂದು ಅಲ್ಲಿಗೆ ನಿಲ್ಲಿಸಿ ನೀರಿನ ಕಡೆ ನೋಡುತ್ತ ಉಗುಳು ನುಂಗುತ್ತಿದ್ದಳು. ಅಂಥ ಆಸೆಯಿಂದ ಊಟದ ಮಾತಾಡುವವರನ್ನು ನಾನು ಮತ್ತೆ ಕಂಡಿಲ್ಲ. ನೆಗಡಿಗೆ, ಬಾಣಂತಿಯ ಸೊಂಟಕ್ಕೆ ಆ ಸಾರು ಒಳ್ಳೆಯದೆಂದು ಊರಿನ ದೊಡ್ಡ ಮನೆಗಳಿಂದಲೂ ಕತ್ತಲಾದ ಮೇಲೆ ತಂಬಿಗೆ ಬರುತ್ತಿತ್ತು. ಹಗಲಿನಲ್ಲಿ ಅದೇ ಮನೆಯವರು ಆಕೆಯ ಕೇರಿಗೆ ಏಡಿ ತಿನ್ನೋರ ಓಣಿ ಎನ್ನುತ್ತಿದ್ದರು.

ಆ ಹೆಸರೇ ಮುಂದಿನದಕ್ಕೆಲ್ಲ ಕಾರಣವಾಯಿತು. ಆಕೆಯ ಕುಲದಲ್ಲಿ ಕಲಬುರ್ಗಿಗೆ ಹೋಗಿ ಓದಿದ ಹುಡುಗರು ಕೆಲವರಿದ್ದರು. ಒಂದು ಚಳಿಗಾಲ ಅವರೂ ಹಿರಿಯರೂ ಸೇರಿ ಹೊಳೆಯ ದಂಡೆಯಲ್ಲೇ ಸಭೆ ಮಾಡಿದರು. ಮೀನು ಇರಲಿ, ಏಡಿ, ಸಿಗಡಿ, ಸಿಂಪಿ ಬಿಡಬೇಕು. ಇವನ್ನು ತಿನ್ನುವುದರಿಂದಲೇ ನಮಗೆ ಮರ್ಯಾದೆ ಇಲ್ಲ ಎಂದು ತೀರ್ಮಾನವಾಯಿತು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ತರಗತಿಯಲ್ಲೇ ಆ ಕೇರಿಯ ಮಕ್ಕಳ ಪಕ್ಕ ಕೂರಲು ಬೇರೆ ಮಕ್ಕಳು ಮೂಗು ಮುರಿಯುತ್ತಿದ್ದವು, ಗದರಿಸಿ ಕೂರಿಸಬೇಕಾಗುತ್ತಿತ್ತು. ಆಕೆಯ ಮಗಳು ಶಾಲೆಗೆ ಬರುತ್ತಿದ್ದಾಗ ಎಷ್ಟೋ ಸಲ ಒಬ್ಬಳೇ ಗೋಡೆಯ ಪಕ್ಕ ಕೂತಿರುತ್ತಿದ್ದಳು.

ಮನೆಗೊಂದರಂತೆ ಏಡಿ ಬೇಯಿಸುವ ಗಡಿಗೆಯನ್ನು ತಂದು ಹೊಳೆಗೆ ಬಿಡಬೇಕೆಂದು ಆಯಿತು. ಬಿಟ್ಟರು. ಕೆಲವು ಗಡಿಗೆಗಳು ಮುಳುಗದೆ ತೇಲುತ್ತ ಹೋದವು. ಮರುದಿನ ಆಕೆ ಹುಟ್ಟಿನಿಂದ ಒಂದು ಗಡಿಗೆಯನ್ನು ದೂರ ತಳ್ಳುತ್ತ, "ಗಡಿಗಿ ಬಿಡು ಅಂದ್ರು, ಬಿಟ್ಟೆ. ಬ್ಯಾಸಿಗ್ಯಾಗ ಹೊಟ್ಟಿ ಎಲ್ಲಿ ಬಿಡ್ಲ್ರಿ?" ಎಂದಳು. ಕೂಡಲೇ ಗೌಡರನ್ನು ಆ ಕಡೆ ಸರಿಯಲು ಹೇಳಿದಳು.

ಅಷ್ಟರಲ್ಲಿ ಮಗಳಿಗೆ ಸಂಬಂಧ ಬಂತು. ಹುಡುಗ ಸೇಡಂ ಕಡೆಯವನು, ಮೆಟ್ರಿಕ್ ಪಾಸಾದವನು, ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ನೌಕರಿ. ಆ ಕೇರಿಗೆ ಅಂಥ ಅಳಿಯ ಅದುವರೆಗೆ ಬಂದಿರಲಿಲ್ಲ. ಮಗಳು ಗೋಡೆಯ ಪಕ್ಕದಿಂದ ಎದ್ದು ಬರುವ ದಾರಿ ಅದೊಂದೇ ಎಂದು ಆಕೆಗೆ ಅನಿಸಿತ್ತು. ಮನೆ ತೊಳೆದಳು, ಏಡಿ ಕುಟ್ಟುತ್ತಿದ್ದ ಒಳ್ಳನ್ನು ತಿಕ್ಕಿದಳು, ಮಾವಿನಕಾಯಿ ಹೆರೆಯುವ ಚಿಪ್ಪನ್ನೂ ಹಿತ್ತಲಲ್ಲಿ ಹೂತಳು. ಬೀಗರು ಬಂದ ದಿನ ಓದಿದವರೊಬ್ಬರು ಇರಲೆಂದು ನನ್ನನ್ನೂ ಕರೆಸಿದಳು.

ಎಲ್ಲ ಚೆನ್ನಾಗಿಯೇ ನಡೆಯಿತು. ಊಟವಾಯಿತು, ಎಲೆ ಅಡಿಕೆ ಬಂತು. ಹುಡುಗನ ಸೋದರಮಾವ ಹಿರಿಯರು, ಸಭೆ ಮಾಡಿ ಊರೂರು ತಿರುಗಿ ಏಡಿ ಬಿಡಿಸುತ್ತಿದ್ದವರಲ್ಲಿ ಅವರೂ ಒಬ್ಬರು. ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟು ತಲೆದೂಗಿದರು.

"ಭಾಳ ಚೊಲೋ ಅದವ್ವ ಸುಣ್ಣ. ನಾಲಗಿ ಸುಡವಲ್ದು. ನಮ್ಮ ಕಡಿ ಕಲ್ಲ ಸುಣ್ಣ ಬಾಯೆಲ್ಲ ಹುಣ್ಣ ಮಾಡ್ತದ. ಎಲ್ಲಿಂದ ತಂದಿ?"

ಹೊಗಳಿಕೆಯಿಂದ ಆಕೆಯ ಮುಖ ಅರಳಿತು. "ತಂದದ್ದಲ್ರಿ, ಮನ್ಯಾಗ ಮಾಡಿದ್ದು. ಸಿಂಪಿ ಸುಟ್ಟು ಮಾಡೀನಿ. ತಂಪಿರ್ತದ."

ಮಾವನವರ ದವಡೆ ನಿಂತಿತು. "ಸಿಂಪೀದು?" ಎಂದರು. ಸ್ವಲ್ಪ ತಡೆದು, "ಒಳಗಿಂದೇನ ಮಾಡಿದಿ?"

"ತಿಂದಿದ್ವಿರಿ," ಎಂದಳು.

ಎಲ್ಲವನ್ನೂ ತೊಳೆದಿದ್ದಳು, ಹೂತಿದ್ದಳು. ಸುಣ್ಣದ ಡಬ್ಬಿಯೊಂದು ಆಕೆಯ ಲೆಕ್ಕಕ್ಕೇ ಬಂದಿರಲಿಲ್ಲ. ಸುಣ್ಣವನ್ನು ಯಾರು ಊಟವೆಂದು ಎಣಿಸುತ್ತಾರೆ? ಸಭೆಯ ಹಿಂದಿನ ವರ್ಷ ಸುಟ್ಟ ಚಿಪ್ಪು ಅದು. ನಾನು ಅದನ್ನೇ ಹೇಳಲು ಹೋದೆ. ಮಾವನವರು ಆಗಲೇ ಅಂಗಳಕ್ಕೆ ಹೋಗಿ ಉಗುಳುತ್ತಿದ್ದರು. ನನಗೆ ನಗು ಬಂದಿತ್ತು, ಬಾಗಿಲ ಸಂದಿಯಲ್ಲಿ ನಿಂತ ಹುಡುಗಿಯ ಮುಖ ನೋಡಿ ಅದು ಇಂಗಿಹೋಯಿತು.

ಹೊತ್ತು ಮುಳುಗುವವರೆಗೆ ಮಾತು ನಡೆಯಿತು. ಹುಡುಗನಿಗೆ ಹುಡುಗಿ ಮನಸ್ಸಿಗೆ ಬಂದಿದ್ದಳು, ಅದರಿಂದ ಸಂಬಂಧ ಮುರಿಯಲಿಲ್ಲ. ಆದರೆ ಮಾವನವರು ಬಾಯಿಮಾತಿಗೆ ಒಪ್ಪಲಿಲ್ಲ. ಹರಿಗೋಲನ್ನು ಹೊಳೆಯ ನಡುವಿಗೆ ತೆಗೆದುಕೊಂಡು ಹೋಗಿ, ಹುಟ್ಟು ಹಿಡಿದು, ಹೊಳೆಯ ದೇವಿ ಗಂಗವ್ವನ ಸಾಕ್ಷಿಯಾಗಿ ಆಕೆ ಆಣೆ ಮಾಡಬೇಕು. ಅದೂ ಮಗಳ ತಾಳಿಯ ಮೇಲೆ, ತಪ್ಪಿದರೆ ತಾಳಿ ಕಟ್ಟುವವನ ಜೀವಕ್ಕೇ ಕೇಡು. ಹೊಳೆಯವರಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಆಕೆ ಹರಿಗೋಲನ್ನು ನೀರಿಗೆ ಇಳಿಸಿದಳು. ನಡುನೀರಿನಲ್ಲಿ ನಿಂತು, "ಇನ್ನ ಏಡಿ, ಸಿಗಡಿ, ಸಿಂಪಿ ನನ್ನ ಬಾಯಿಗೆ ಹೋದ್ರ, ನನ್ನ ಮಗಳ ತಾಳಿ ಮ್ಯಾಲ ಬರ್ಲಿ," ಎಂದಳು. ದಡಕ್ಕೆ ಕೇಳಲಿಲ್ಲವೆಂದು ಮಾವನವರು ಇನ್ನೊಮ್ಮೆ ಹೇಳಿಸಿದರು. ನನಗೆ ಅವರನ್ನು ಹೊಳೆಗೆ ನೂಕಿಬಿಡಬೇಕೆನಿಸಿತ್ತು.

ಆಣೆಯನ್ನು ಆಕೆ ನಡೆಸಿದ ಬಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗಳು ವಾಡಿಗೆ ಹೋದ ಮೇಲಿನ ಒಂದು ಬೇಸಿಗೆ, ದಂಡೆಯಲ್ಲಿ ನಾವಿಬ್ಬರೇ ಕೂತಿದ್ದೆವು. ಆಕೆ ಒಣರೊಟ್ಟಿಗೆ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಹಚ್ಚಿ ನೀರು ಕುಡಿಯುತ್ತ ನುಂಗುತ್ತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಕೈಯಗಲದ ಒಂದು ಏಡಿ ಸಂದಿಯಿಂದ ಹೊರಬಂದು ನೇರ ಆಕೆಯ ಪಾದದ ಹತ್ತಿರವೇ ಬಂತು. ಆಕೆ ನೋಡಿದಳು. ರೊಟ್ಟಿ ಬಾಯಲ್ಲೇ ಉಳಿಯಿತು.

"ಯಾರೂ ನೋಡವಲ್ಲರವ್ವ," ಎಂದೆ. ಚೇಷ್ಟೆಗೆಂದು ಹೇಳಿದೆನೋ, ನಿಜವಾಗಿ ತಿನ್ನಲಿ ಎಂದು ಹೇಳಿದೆನೋ, ಈಗ ಹೇಳಲಾರೆ.

"ಹೊಳಿ ನೋಡ್ಲಿಕತ್ತದಲ್ರಿ," ಎಂದು ಕಡ್ಡಿಯಿಂದ ಅದನ್ನು ನೀರಿಗೆ ತಳ್ಳಿದಳು. "ಹೋಗವ್ವ. ನಿನ್ನ ನಸೀಬ ಚೊಲೋ ಅದ."

ಸೇತುವೆ ಬಂತು. ಊರಿಗೆಲ್ಲ ಸಂತೋಷ, ನನಗೂ ಸಂತೋಷವೇ, ಸುಳ್ಳು ಏಕೆ ಹೇಳಲಿ. ಪುಟ್ಟ ಮಕ್ಕಳನ್ನು ತುಂಬಿದ ಹೊಳೆಯಲ್ಲಿ ದಾಟಿಸುವ ಭಯ ತಪ್ಪಿತು. ಆಕೆ ಮೊದಲ ಬಸ್ಸಿನಲ್ಲಿ ಕೂತು ಹೊಳೆ ದಾಟಿ, ಇಳಿದು, ನಡೆದು ವಾಪಸು ಬಂದಳಂತೆ. "ಎಲ್ಲಾರೂ ಎಲ್ಲಿ ಬೇಕಂದಲ್ಲಿ ಕುಂತಾರ್ರಿ, ಆದ್ರೂ ಬಸ್ ಮುಳುಗಲಿಲ್ಲ," ಎಂದು ನನಗೆ ವರದಿ ಒಪ್ಪಿಸಿದಳು. ಆಮೇಲೆ ಶಹಾಬಾದಿನ ಪರಸಿ ಕಲ್ಲಿನ ಖಣಿಗೆ ಕೂಲಿಗೆ ಹೋದಳು. ಹರಿಗೋಲು ಕೋಳಿ ಮುಚ್ಚುವುದಕ್ಕಾಯಿತು. ಕಲ್ಲಿನ ಧೂಳು ಕೂದಲಲ್ಲಿ ಕೂತು ವಯಸ್ಸಿಗೆ ಮೊದಲೇ ಮುದುಕಿಯಾದಳು. ಸಂಜೆ ಶಹಾಬಾದಿನ ನನ್ನ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದಳು. ಮಾತು ಕಡಿಮೆಯಾಗಿತ್ತು. ಊಟದ ಮಾತಂತೂ ಆಡುತ್ತಲೇ ಇರಲಿಲ್ಲ.

ಹೀಗೆ ವರ್ಷಗಳು ಹೋದವು. ಅಳಿಯನಿಗೆ ಕಾರ್ಖಾನೆಯ ಕ್ವಾರ್ಟರ್ಸ್ ಸಿಕ್ಕಿತು. ಮನೆ ಹೊಕ್ಕ ಊಟಕ್ಕೆ ತಾಯಿಯೊಂದಿಗೆ ನನ್ನನ್ನೂ ಬರಹೇಳಿದ್ದಳು ಮಗಳು. ನಾವಿಬ್ಬರೂ ಪ್ಯಾಸೆಂಜರ್ ರೈಲಿನಲ್ಲಿ ವಾಡಿಗೆ ಹೋದೆವು. ಅಳಿಯನ ಸೋದರಮಾವ ಆಸ್ಪತ್ರೆಗೆ ತೋರಿಸಲು ಬಂದವರು ಅಲ್ಲೇ ಇದ್ದರು, ಹಲ್ಲೆಲ್ಲ ಬಿದ್ದಿದ್ದವು. ಅಳಿಯನ ಮೇಲಿನ ಸಾಹೇಬರ ಹೆಂಡತಿ ಪಕ್ಕದ ಸಾಲಿನ ಮನೆಯವರು, ಮಂಗಳೂರು ಕಡೆಯವರು, ಒಳ್ಳೆಯ ಹೆಂಗಸು. ಹೊಸ ಮನೆಗೆಂದು ತಾವೇ ದೊಡ್ಡ ಪಾತ್ರೆಯಲ್ಲಿ ಅಡುಗೆ ಮಾಡಿ ತಂದಿದ್ದರು. ಮುಚ್ಚಳ ತೆಗೆದರೆ ತೆಂಗಿನಕಾಯಿ ಮಸಾಲೆಯಲ್ಲಿ ಏಡಿ.

ನನಗೆ ಮಗಳು ಬೇರೆ ತಟ್ಟೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಕೊಟ್ಟಳು. ಉಳಿದವರಿಗೆಲ್ಲ ಏಡಿ. ಅಳಿಯ ಎರಡು ಸಲ ಹಾಕಿಸಿಕೊಂಡ. "ಇದ್ರಾಗ ಭಾಳ ಶಕ್ತಿ ಅದಂತ ಡಾಕ್ಟರ್ ಹೇಳ್ಯಾರ," ಎಂದು ಮಾವನವರು ರಸಕ್ಕೆ ಅನ್ನ ಕಲಸಿ ಉಂಡರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಒಮ್ಮೆಯಾದರೂ ಆಕೆಯ ಕಡೆ ತಿರುಗುತ್ತಾರೇನೋ ಎಂದು. ಅವರಿಗೆ ನಾಚಿಕೆಯೇನೂ ಇರಲಿಲ್ಲ. ಅವರು ಮರೆತೇಬಿಟ್ಟಿದ್ದರು.

ಆಕೆ ತಟ್ಟೆಗೆ ಕೈ ಹಚ್ಚದೆ ಕೂತಿದ್ದಳು.

"ಅಮ್ಮ ಯಾಕೆ ತಿನ್ನುತ್ತಿಲ್ಲ? ನಮ್ಮ ಅಡುಗೆ ಸೇರಲಿಲ್ಲವೋ?" ಎಂದು ಸಾಹೇಬರ ಹೆಂಡತಿ ಕೇಳಿದರು. ಕೇಳಿದ್ದು ಅಕ್ಕರೆಯಿಂದಲೇ.

ಅಳಿಯ ಅತ್ತೆಯನ್ನು ನೋಡಿದ. ಮಗಳು ಗಡಿಬಿಡಿಯಿಂದ, "ಹಂಗಲ್ರೀ. ನಮ್ಮವ್ವಗ ತಿನ್ಲಿಕ್ಕ ಬರಂಗಿಲ್ಲ. ನಮ್ಮನ್ಯಾಗ ಇಂಥಾವು ಎಂದೂ ಮಾಡೇ ಇಲ್ರಿ," ಎಂದಳು. ಹೇಳುತ್ತ ತಾಯಿಯ ಮೊಣಕಾಲನ್ನು ಮೆಲ್ಲಗೆ ಒತ್ತಿದಳು. ನನಗೆ ಕಾಣುವಂತೆಯೇ ಒತ್ತಿದಳು. ಆ ಒತ್ತುವಿಕೆಯಲ್ಲಿ ಬೇಡಿಕೆ ಇತ್ತು. ಆಣೆಯ ಮಾತೆತ್ತಬೇಡ, ಗೋಡೆಯ ಪಕ್ಕ ಕೂತ ಹುಡುಗಿಯನ್ನು ಈ ಹೊಸ ಮನೆಗೆ ಕರೆಯಬೇಡ ಎನ್ನುವಂತಿತ್ತು.

ಆಕೆ ಮಗಳನ್ನು ನೋಡಿದಳು, ಆಮೇಲೆ ಅಳಿಯನನ್ನು. ಅಳಿಯನ ಮೇಲೆ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

"ಹೌದ್ರವ್ವ," ಎಂದಳು ಕೊನೆಗೆ. "ನಮಗೆಲ್ಲಿ ಗೊತ್ತದ ಇದೆಲ್ಲ. ಹ್ಯಾಂಗ ತಿಂತಾರ ತೋರಸ್ರಿ."

ಆ ಹೆಂಗಸು ಖುಷಿಯಿಂದ ಪಕ್ಕಕ್ಕೆ ಬಂದು ಕೂತು ಹೇಳಿಕೊಟ್ಟರು. ಕೊಂಬನ್ನು ಹೀಗೆ ಹಿಡಿಯಬೇಕು, ಇಲ್ಲಿ ಕಚ್ಚಬೇಕು, ಹೀಗೆ ಎಳೆಯಬೇಕು. ಆಕೆ ಗೊತ್ತಿಲ್ಲದವಳಂತೆ ತಪ್ಪಾಗಿ ಹಿಡಿದಳು, ತಿದ್ದಿಸಿಕೊಂಡಳು, "ಹೀಂಗೇನ್ರಿ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಆಕೆಯೂ ನಕ್ಕಳು.

ಸಂಜೆ ವಾಡಿ ಸ್ಟೇಶನ್ನಿನ ಬೆಂಚಿನ ಮೇಲೆ ರೈಲಿಗಾಗಿ ಕಾಯುತ್ತ ಕೂತಿದ್ದೆವು.

"ರುಚಿ ಹತ್ತಿತೇನವ್ವ?" ಎಂದು ನಾನೇ ಕೇಳಿದೆ.

"ಬಾಯಾಗ ಏನ ಹಾಕ್ಕೊಂಡೆ ಅಂತ ತಿಳೀಲಿಲ್ರಿ," ಎಂದಳು. "ಅಕ್ಕೋರ, ನೀವ ಕಲ್ತಾರು. ಆಣಿ ಮಾಡಿಸಿದಾರೇ ಕುಂತು ತಿಂದ್ರ, ಆಣಿ ಹೋಗ್ತದೇನ್ರಿ? ಇಲ್ಲಾ, ಹಂಗೇ ಇರ್ತದೇನು?"

"ಹೋಗ್ತದವ್ವ," ಎಂದೆ. "ಅವರೇ ತಿಂದ ಮ್ಯಾಲ ಎಲ್ಲೀದು ಆಣಿ?"

ಆಕೆ ನನ್ನ ಮುಖವನ್ನು ನೋಡಿದಳು, ನನ್ನ ಮಾತಿನಲ್ಲಿ ತೂಕವೆಷ್ಟಿದೆ ಎಂದು. ಆಮೇಲೆ ಹಳಿಯ ಕಡೆ ತಿರುಗಿದಳು.

ಆಮೇಲಿನ ವರ್ಷಗಳಲ್ಲಿ ವಾಡಿಯಿಂದ ಯಾರು ಬಂದರೂ, ಗುರುತಿನವರಿರಲಿ ಇಲ್ಲದಿರಲಿ, ಆಕೆ ಹೋಗಿ ನಿಲ್ಲಿಸಿ ಕೇಳುವ ಮೊದಲ ಮಾತು ಒಂದೇ: "ನಮ್ಮ ಅಳಿಯ ಆರಾಮ ಹಾನೇನ್ರಿ?" ಅವನಿಗೆ ಸಣ್ಣ ಕೆಮ್ಮು ಎಂದು ಕೇಳಿದರೆ ಕೂಲಿ ಬಿಟ್ಟು ರೈಲು ಹತ್ತುತ್ತಿದ್ದಳು, ಅವನನ್ನು ಕಣ್ಣಾರೆ ಕಂಡು ಮರುದಿನ ಬರುತ್ತಿದ್ದಳು. ಮಗಳ ಬಗ್ಗೆ, ಮೊಮ್ಮಕ್ಕಳ ಬಗ್ಗೆ ಆಮೇಲೆ ಕೇಳುತ್ತಿದ್ದಳು. ಸಾಯುವವರೆಗೂ ಅದು ತಪ್ಪಲಿಲ್ಲ. ಅಳಿಯನ ಮೇಲೆ ಅತ್ತೆಗೆ ಎಷ್ಟು ಮಾಯೆ ಇದೆ ನೋಡಿರಿ ಎಂದು ಊರಿನವರೆಲ್ಲ ಹೊಗಳುತ್ತಿದ್ದರು.